ಬೀದಿಯ ಮರ ಯಾರದು?



ಅಶೋಕ ಚಕ್ರವರ್ತಿಯು ಸಾಲುಮರಗಳನ್ನು ನೆಡಿಸಿದನೆಂದು ನಾವೆಲ್ಲರೂ ಬಾಲ್ಯದಲ್ಲಿಯೇ ಓದಿದ್ದೇವೆ. ಅದರ ಕಾರಣವು ಆತನ ಏಳನೆಯ ಸ್ತಂಭಶಾಸನದಲ್ಲಿ ಉಕ್ತವಾಗಿದೆ: ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ಹಾಕಿಸಿದನು. ಬೀದಿಯ ಮರವು ನಡೆಯುವವನ ಸ್ವತ್ತೆಂಬ ಭಾವನೆ ನಮ್ಮಲ್ಲಿ ಅಷ್ಟು ಪುರಾತನವಾದುದು. ಅದು ನಗರದಲ್ಲಿ ಬೆಳೆದ ಬಗೆಯನ್ನು ತಿಳಿಯಲು ಬೆಂಗಳೂರನ್ನು ನೋಡಿದರೆ ಸಾಕು.

1760ರಲ್ಲಿ ಹೈದರಾಲಿಯು ಲಾಲ್‌ಬಾಗನ್ನು ಆರಂಭಿಸಿದನು. 1874ರಲ್ಲಿ ಅದರ ಮೇಲ್ವಿಚಾರಣೆಗೆ ಬಂದ ಜಾನ್ ಕ್ಯಾಮರನ್ನರು ಪರದೇಶಗಳ ಸಸ್ಯಗಳನ್ನು ತರಿಸಿ ಬೆಳೆಸಿದರು. ಆದರೆ ತೋಟಕ್ಕೆ ಬೇಲಿಯುಂಟು, ಬಾಗಿಲುಂಟು. ಅದನ್ನು ನಾವೇ ಹುಡುಕಿಕೊಂಡು ಹೋಗಬೇಕು. ಬೀದಿಯ ಮರವಾದರೋ ಮನೆಯ ಮುಂದೆಯೇ ನಿಂತಿರುವುದು. 1898ರ ಪ್ಲೇಗಿನ ಬಳಿಕ ಪೇಟೆಯ ಇಕ್ಕಟ್ಟನ್ನು ಬಿಟ್ಟು ಜನರು ನೆಲಸಿದ ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಯೆಂದು ಒಂದು ಬೀದಿ. ಬೇವಿನ ಇಂಗ್ಲಿಷ್ ಹೆಸರನ್ನು ಹೊತ್ತ ಮಾರ್ಗೋಸಾ ರಸ್ತೆಯೆಂದು ಇನ್ನೊಂದು.

1908ರಲ್ಲಿ ಸಂಸ್ಥಾನಕ್ಕೆ ಬಂದ ಜರ್ಮನ್ ಉದ್ಯಾನತಜ್ಞ ಗುಸ್ಟಾವ್ ಹರ್ಮನ್ ಕ್ರುಂಬಿಗಲ್ಲರು ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಯೋಜಿಸಿದರು. ದಕ್ಷಿಣ ಅಮೆರಿಕದ ಜಕರಂದ, ಮಡಗಾಸ್ಕರಿನ ಗುಲ್‌ಮೊಹರುಗಳು ನಮ್ಮ ಹೊಂಗೆಯ ನೆರೆಯವಾದವು. ಬಡವನೂ ಕಾಸು ಕೊಡದೆ ನೋಡಬಹುದಾದ ಪುಷ್ಪಪ್ರದರ್ಶನವದು.

ಮರವೊಂದೇ ಬರಲಿಲ್ಲ. ಹೊಂಗೆಯ ಹೂವಿಗೆ ಜೇನು, ಆಲ ಅತ್ತಿಗಳ ಹಣ್ಣಿಗೆ ಕುಟ್ರುಹಕ್ಕಿ, ಇರುಳಾದರೆ ಬಾವಲಿ ಬಂದವು. ಈ ಸಂಸಾರದ ಪರಿಚಯವು ನಡೆಯುವವನಿಗೆ ಮಾತ್ರ ಲಭ್ಯ. ಮೋಟಾರಿನ ಗಾಜಿನ ಹಿಂದೆ ಕುಳಿತವನಿಗೆ ಕುಟ್ರುಹಕ್ಕಿಯ ಕೂಗು ಕೇಳಿಸದು.

ನೆರಳಿನ ಬೆಲೆಯನ್ನು ಅಳೆದೂ ನೋಡಿದ್ದಾರೆ. 2013ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನವೊಂದರಂತೆ, ಮಧ್ಯಾಹ್ನದಲ್ಲಿ ಮರವಿರುವ ಬೀದಿಯ ಗಾಳಿಯು ಮರವಿಲ್ಲದ ಬೀದಿಯದಕ್ಕಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿರುತ್ತದೆ. ಡಾಂಬರಿನ ಮೈಯ ಅಂತರವಂತೂ 27.5 ಡಿಗ್ರಿಯವರೆಗೆ ಹೋಗುತ್ತದೆ. ಬರಿಗಾಲಿನಲ್ಲಿ ಹೂವಿನ ಬುಟ್ಟಿ ಹೊತ್ತು ನಡೆಯುವವಳಿಗೆ ಇದು ಅಂಕಿಯಲ್ಲ, ಅನುಭವ.

ಮರ ಕಡಿಯುವುದನ್ನು ನಿಯಂತ್ರಿಸುವ ಕಾಯಿದೆ 1976ರಲ್ಲಿಯೇ ಬಂದಿದ್ದರೂ, ರಸ್ತೆಯನ್ನು ಅಗಲಿಸುವಾಗ ಮೊದಲು ಬೀಳುವುದು ಮರವೇ. ಅದರೊಡನೆ ಕಾಲುದಾರಿಯೂ ಕರಗುತ್ತದೆ. ಒಂದಕ್ಕೆ ಹತ್ತು ಸಸಿ ನೆಟ್ಟೇವೆನ್ನುವ ಮಾತು ಸಾಧುವಾದುದೇ. ಆದರೆ ಇಂದು ನಡೆಯುವ ಮುದುಕನಿಗೆ ಸಸಿಯ ನೆರಳು ದೊರೆಯುವುದು ಎಂದು? ರಸ್ತೆಯ ಅಗಲವನ್ನು ಅಳೆಯುವವರು ನೆರಳಿನ ಅಗಲವನ್ನೂ ಅಳೆಯುವುದು ನ್ಯಾಯ.