ಕೆಲಸ ಬಿಟ್ಟಿದ್ದಕ್ಕೆ ಜೈಲು!

ಒಂದು ಕ್ಷಣ ಯೋಚನೆ ಮಾಡಿ. ಕೆಲಸ ಹಿಡಿಸಲಿಲ್ಲ, ಬಿಟ್ಟು ಹೊರಗೆ ಬಂದ್ರಿ. ಪೊಲೀಸರು ಬಂದು ನಿಮ್ಮನ್ನು ಜೈಲಿಗೆ ಹಾಕಿ, ಆಮೇಲೆ ಎಳೆದುಕೊಂಡು ಹೋಗಿ ಅದೇ ಆಫೀಸಿನಲ್ಲಿ ಕೂರಿಸಿದರೆ? ತಮಾಷೆ ಅಲ್ಲ ವೀಕ್ಷಕರೇ. 1895ರಲ್ಲಿ ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿ ನಾಲ್ವರು ನಾವಿಕರಿಗೆ ಆಗಿದ್ದು ಇದೇ.

ಹಡಗಿನ ಹೆಸರು ಅರಾಗೊ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕರಾರಿಗೆ ಸಹಿ ಹಾಕಿದ್ದ ಈ ನಾಲ್ವರು, ಅಸ್ಟೋರಿಯಾ ಬಂದರಿನಲ್ಲಿ ಹಡಗು ಬಿಟ್ಟು ಇಳಿದರು. ಅವರನ್ನು ಹಿಡಿದು ಜೈಲಿಗೆ ಹಾಕಿದರು. ಹಡಗು ಹೊರಡುವ ಹೊತ್ತಿಗೆ ಬಲವಂತವಾಗಿ ಮತ್ತೆ ಹತ್ತಿಸಿದರು. "ಕೆಲಸ ಮಾಡಲ್ಲ" ಅಂದಿದ್ದಕ್ಕೆ ಮತ್ತೊಂದು ಕೇಸು!

ಆ ಕಾಲದ ಹಡಗಿನ ಕೆಲಸ ಹೇಗಿತ್ತು ಗೊತ್ತಾ? ಅದೇ 1895ರಲ್ಲಿ ಕಟ್ಟಿದ ಸಿ.ಎ. ಥೇಯರ್ ಎಂಬ ಮರದ ಹಾಯಿಹಡಗು ಇವತ್ತಿಗೂ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಉಳಿದಿದೆ. ಅದು ಉತ್ತರದ ಕಾಡುಗಳಿಂದ ದಿಮ್ಮಿ, ಹಲಗೆ ತರುತ್ತಿತ್ತು. ಅರ್ಧ ಸರಕು ಒಳಗೆ, ಉಳಿದಿದ್ದು ಮೇಲಿನ ಅಟ್ಟದ ಮೇಲೆ ಹತ್ತು ಅಡಿ ಎತ್ತರಕ್ಕೆ! ನಾವಿಕರು ಎಂಟೋ ಒಂಬತ್ತೋ ಜನ. ಹಾಯಿ ಎಳೆಯುವವರೂ ಅವರೇ, ಬಂದರಿನಲ್ಲಿ ಸರಕು ಇಳಿಸುವವರೂ ಅವರೇ. ದಡದಲ್ಲಾದರೂ ನೆಮ್ಮದಿ ಇತ್ತಾ? ಅದೂ ಇಲ್ಲ. ನಾವಿಕರಿಗೆ ಊಟ-ವಸತಿ ಕೊಟ್ಟು, ಸಾಲದಲ್ಲಿ ಸಿಕ್ಕಿಸಿ, ಅವರ ಮುಂಗಡ ಸಂಬಳವನ್ನೇ ನುಂಗುವ ದಲ್ಲಾಳಿಗಳು ಕಾಯುತ್ತಿದ್ದರು.

ಇದರ ವಿರುದ್ಧ ಸಿಟ್ಟು ಮೊದಲೇ ಶುರುವಾಗಿತ್ತು. 1885ರ ಮಾರ್ಚ್ 6ರ ರಾತ್ರಿ, ಸಂಬಳ ಕಡಿತದಿಂದ ರೊಚ್ಚಿಗೆದ್ದ ನಾವಿಕರು ಸ್ಯಾನ್ ಫ್ರಾನ್ಸಿಸ್ಕೊದ ಫೋಲ್ಸಮ್ ಬೀದಿಯ ಧಕ್ಕೆಯಲ್ಲಿ, ಹಲಗೆಗಳ ರಾಶಿಯ ಬಳಿ ಸೇರಿ ಸಂಘ ಕಟ್ಟಿದರು. ಅದೇ 1891ರಲ್ಲಿ ಸ್ಟೀಮರ್ ನಾವಿಕರ ಸಂಘದೊಂದಿಗೆ ಸೇರಿ 'ಸೈಲರ್ಸ್ ಯೂನಿಯನ್ ಆಫ್ ದಿ ಪೆಸಿಫಿಕ್' ಆಯಿತು. ಅದರ ನಾಯಕ ನಾರ್ವೆಯಿಂದ ಬಂದ ಆಂಡ್ರ್ಯೂ ಫ್ಯುರುಸೆತ್.

ಅರಾಗೊ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ವಾದ ಸರಳ: 1865ರ 13ನೇ ತಿದ್ದುಪಡಿ ಗುಲಾಮಗಿರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. ಹಾಗಾದರೆ ಇದೇನು? 1897ರಲ್ಲಿ ಕೋರ್ಟ್ ಕೊಟ್ಟ ಉತ್ತರ ಕೇಳಿ. ಆ ತಿದ್ದುಪಡಿ ನಾವಿಕರ ಕರಾರಿಗೆ ಅನ್ವಯಿಸಲ್ಲ, ಮಕ್ಕಳಿಗೆ ಪೋಷಕರು ಬೇಕಾದ ಹಾಗೆ ನಾವಿಕರಿಗೂ ಕಾನೂನಿನ ರಕ್ಷಣೆ ಬೇಕು! ಒಪ್ಪದೆ ಭಿನ್ನ ತೀರ್ಪು ಬರೆದಿದ್ದು ನ್ಯಾಯಮೂರ್ತಿ ಹಾರ್ಲನ್ ಒಬ್ಬರೇ.

ಫ್ಯುರುಸೆತ್ ಸುಮ್ಮನಾಗಲಿಲ್ಲ. ವಾಷಿಂಗ್ಟನ್‌ನಲ್ಲಿ ಸಂಸದರ ಬಾಗಿಲು ತಟ್ಟುತ್ತಲೇ ಇದ್ದರು. 1898ರ ಕಾನೂನು ಅಮೆರಿಕದ ಬಂದರುಗಳಲ್ಲಿ ಹಡಗು ಬಿಟ್ಟವರಿಗೆ ಜೈಲುಶಿಕ್ಷೆ ತೆಗೆಯಿತು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಜಗತ್ತು ಹಡಗಿನ ಸುರಕ್ಷತೆ ಬಗ್ಗೆ ಮಾತಾಡತೊಡಗಿತು. 1915ರ ಮಾರ್ಚ್ 4ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ನಾವಿಕರ ಕಾಯ್ದೆಗೆ ಸಹಿ ಹಾಕಿದರು. ಕೆಲಸ ಬಿಡೋದು ಅಪರಾಧವಲ್ಲ ಅನ್ನಿಸಿಕೊಳ್ಳಲು ಸಂಘ ಹುಟ್ಟಿ ಮೂವತ್ತು ವರ್ಷ ಬೇಕಾಯಿತು!

ಇಲ್ಲಿಗೆ ಚಪ್ಪಾಳೆ ತಟ್ಟಿ ಎದ್ದು ಹೋಗಬಹುದಿತ್ತು. ಆದರೆ ಕಥೆಗೆ ಇನ್ನೊಂದು ಮುಖ ಇದೆ. ಇದೇ ಸಂಘ ಚೀನೀ ನಾವಿಕರನ್ನು ಹೊರಗಿಟ್ಟಿತು. 1915ರ ಕಾಯ್ದೆಯಲ್ಲೇ, ಸಿಬ್ಬಂದಿಯಲ್ಲಿ ಶೇ. 75ರಷ್ಟು ಜನರಿಗೆ ಅಧಿಕಾರಿಗಳ ಆದೇಶ ಅರ್ಥವಾಗಬೇಕು ಎಂಬ ಷರತ್ತಿತ್ತು. ಹೆಸರಿಗೆ ಸುರಕ್ಷತೆ, ಗುರಿ ಏಷ್ಯಾದ ನಾವಿಕರು. ಸಂಘ ಕಟ್ಟಲು ನೆರವಾದ ಸಿಗಿಸ್ಮಂಡ್ ಡಾನಿಯೆಲೆವಿಚ್, ಚೀನೀಯರ ಪರವಾಗಿ ಕಾರ್ಮಿಕರ ಸಭೆಯಲ್ಲಿ ಎದ್ದು ನಿಂತರು. ಕೂಗಾಡಿ ಅವರ ಬಾಯಿ ಮುಚ್ಚಿಸಿದರು.

ಕೋರ್ಟಿನಲ್ಲಿ ಹಾರ್ಲನ್ ಒಬ್ಬರೇ ಇದ್ದರು, ಸಭೆಯಲ್ಲಿ ಡಾನಿಯೆಲೆವಿಚ್ ಒಬ್ಬರೇ ಇದ್ದರು. ನಮಗೆ ಸಿಕ್ಕ ಹಕ್ಕು ಪಕ್ಕದವನಿಗೂ ಸಿಗಲಿ ಅನ್ನೋ ಸಭೆಯಲ್ಲಿ ನಾವಿದ್ದಿದ್ದರೆ ಯಾರ ಜೊತೆ ನಿಲ್ಲುತ್ತಿದ್ದೆವು? ಉತ್ತರ ನನಗೆ ಹೇಳಬೇಡಿ, ನಿಮಗೆ ನೀವೇ ಹೇಳಿಕೊಳ್ಳಿ.