ಚೆಸ್ಸು, ಚೆಕ್ಕು, ಚೆಕ್ಸ್ ಸೀರಿ

ನಾವು ಸಣ್ಣವರಿದ್ದಾಗ ಸೂಟಿಯೊಳಗ ಆಯಿ ಮನಿ ಪಡಸಾಲ್ಯಾಗ ಕೂತು ಚೆಸ್ ಆಡತಿದ್ವಿ. ಆಯಿ ಬಾಜೂಕ ಶೇಂಗಾ ಸುಲಕೋತ ನೋಡತಿದ್ಲು. ಅಣ್ಣ "ಚೆಕ್" ಅಂದ್ರ ಆಕಿ, "ಶಹ ಅನ್ನೋ, ಶಹ" ಅಂತಿದ್ಲು. ನಾವು "ಆಯೀ, ಅದು ಚೆಕ್ಕು, ನಿನಗ ಇಂಗ್ಲಿಷ್ ಬರೂದಿಲ್ಲ" ಅಂತ ಬಿದ್ದು ಬಿದ್ದು ನಗತಿದ್ವಿ. ಹಿಂಗ ನಾಕ್ಸಲ ನಕ್ಕ ಮ್ಯಾಲೆ ಆಕಿ ಅನ್ನೂದ ಬಿಟ್ಲು.

ಮೊನ್ನೆ ಮಗಳು "ಮಮ್ಮಿ, ಚೆಸ್ ಅಂದ್ರ ಏನರ್ಥ?" ಅಂತ ಕೇಳಿದ್ಲು. ಓದಿ ತಿಳಕೊಂಡ ಮ್ಯಾಲೆ ನನಗ ಆಯಿ ನೆನಪಾದ್ಲು.

ಆಟ ಹುಟ್ಟಿದ್ದು ನಮ್ಮ ದೇಶದಾಗನ. ಚತುರಂಗ ಅಂದ್ರ ನಾಲ್ಕು ಅಂಗದ ಸೈನ್ಯ: ಆನಿ, ಕುದರಿ, ರಥ, ಕಾಲಾಳು. 7ನೇ ಶತಮಾನದ ಬಾಣಭಟ್ಟನ 'ಹರ್ಷಚರಿತ'ದಾಗ ಇದರ ಮಾತು ಬರ್ತದ. 12ನೇ ಶತಮಾನದಾಗ ನಮ್ಮ ಕಲ್ಯಾಣದ ಚಾಲುಕ್ಯ ದೊರಿ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದೊಳಗ ಈ ಆಟ ವಿವರಿಸ್ಯಾನ. ನಾವು ಅನ್ನೋ "ಚದುರಂಗ" ಅದರ ತದ್ಭವ.

ಆಟ ಪರ್ಷಿಯಾಕ್ಕ ಹೋಗಿ "ಚತ್ರಂಗ್" ಆತು. ಅರಬ್ಬಿಯೊಳಗ ಚ, ಗ ಉಚ್ಚಾರ ಇರಲಿಲ್ಲ, ಹಿಂಗಾಗಿ ಅಲ್ಲಿ "ಶತ್ರಂಜ್" ಆತು. ಅರಬರು ಅದನ್ನ ಸ್ಪೇನಿಗೆ ಒಯ್ದರು. ಅಲ್ಲಿಯವರು ಇವತ್ತಿಗೂ "ಅಹೆದ್ರೆಸ್" ಅಂತಾರ. ಇವೆಲ್ಲ ಚತುರಂಗದ ಮೊಮ್ಮಕ್ಕಳು.

ಆದ್ರ ಇಂಗ್ಲಿಷಿನ ಚೆಸ್ ಬ್ಯಾರೆ ಮನಿದು. ಪರ್ಷಿಯನ್‌ದಾಗ ರಾಜಗ "ಶಾಹ್" ಅಂತಾರ. ರಾಜನ ಮ್ಯಾಲೆ ದಾಳಿ ಬಂದ್ರ ಆಡೋರು "ಶಾಹ್!" ಅಂತ ಎಚ್ಚರಸ್ತಿದ್ರು. ಆ ಶಬ್ದ ಅರಬ್ಬಿ, ಲ್ಯಾಟಿನ್ ದಾಟಿ ಹಳೇ ಫ್ರೆಂಚಿನ್ಯಾಗ "ಎಸ್ಚೆಕ್" ಆತು. ಇಂಗ್ಲಿಷಿಗೆ ಬರೂ ಹೊತ್ತಿಗೆ ಮುಂದಿನ ಅಕ್ಷರ ಉದುರಿ "ಚೆಕ್" ಉಳೀತು. ಅದರದ ಬಹುವಚನ "ಚೆಸ್". ಚೆಕ್‌ಮೇಟ್ ಅನ್ನೂದೂ "ಶಾಹ್ ಮಾತ್". ಅರಬ್ಬಿಯೊಳಗ "ಮಾತ್" ಅಂದ್ರ ಸತ್ತ, ಪರ್ಷಿಯನ್‌ದಾಗ ದಿಕ್ಕು ತೋಚದ ನಿಂತ. ಆಟದಾಗ ರಾಜನ್ನ ಯಾರೂ ಕೊಲ್ಲೂದಿಲ್ಲಲ್ಲ, ನನಗ ಎರಡನೇದ ಸರಿ ಅನಸ್ತದ.

ಈ ಶಾಹ್ ನಮ್ಮ ಟ್ರಂಕಿನ್ಯಾಗೂ ಕೂತಾನ! ಚೆಸ್ ಹಲಿಗಿಯ ಚೌಕ ನೋಡಿ ಅಂಥಾ ಬಟ್ಟಿಗೆ ಚೆಕ್ಸ್ ಅಂದ್ರು. 12ನೇ ಶತಮಾನದ ಇಂಗ್ಲೆಂಡಿನ್ಯಾಗ ಅರಸನ ಲೆಕ್ಕದವರು ಗೆರಿ ಎಳದ ಬಟ್ಟಿ ಮೇಜಿನ ಮ್ಯಾಲೆ ಹಾಸಿ, ಬಿಲ್ಲಿ ಸರಿಸಿ ಲೆಕ್ಕ ಮಾಡತಿದ್ರು. ಅದಕ್ಕ ಖಜಾನೆ ಇಲಾಖೆಗೆ "ಎಕ್ಸ್‌ಚೆಕರ್" ಅಂತ ಹೆಸರು ಬಂತು. ರಾಜನ್ನ ತಡಿಯೂದು ಚೆಕ್. ಅಲ್ಲಿಂದ ತಡದು ತಪಾಸ ಮಾಡೂದೂ ಚೆಕ್. ಮೋಸ ತಡೀಲಿಕ್ಕೆ ಇಟ್ಟ ಚೀಟಿ ಬ್ಯಾಂಕಿನ ಚೆಕ್ಕಾತು.

ಅಂದ್ರ ನಮ್ಮ ಆಯಿ ಅಂದ "ಶಹ" ಮೂಲದ ಶಬ್ದ. ನಾವು ಜಂಬದಿಂದ ಅಂದ "ಚೆಕ್" ಊರೂರು ಸುತ್ತಿ ಸವದು ಬಂದದ್ದು. ಆಕಿ ಅದನ್ನ ಎಲ್ಲಿ ಕಲ್ತಿದ್ಲು? ತವರಮನ್ಯಾಗ ಅಪ್ಪನ ಜೋಡಿ ಆಡತಿದ್ಲೇನು? ಒಂದ್ಸಲನೂ "ಬಾ ಆಯಿ, ನೀನೂ ಆಡು" ಅಂತ ನಾವು ಕರೀಲಿಲ್ಲ. ಈಗ ಕೇಳೂಣಂದ್ರ ಆಕಿ ಇಲ್ಲ.

ನಿಮ್ಮ ಮನ್ಯಾಗ ಹಿರೇರು ಹಳೇ ಶಬ್ದ ಏನರೆ ಅಂದ್ರ ನಗಬ್ಯಾಡ್ರಿ. ಎಲ್ಲಿ ಕಲ್ತ್ರಿ ಅಂತ ಕೇಳ್ರಿ. ನನ್ನ ಮಗಳು ಈಗ "ಶಹ" ಅಂತನ ಆಡ್ತಾಳ.