ಹಿಂದಿನಿಂದ ತಳ್ಳುವ ಪುಟ್ಟ ಕಾರು

ಎತ್ತು ಗಾಡಿಯನ್ನು ಮುಂದಿನಿಂದ ಎಳೆಯುತ್ತದೆ. ಸೈಕಲ್ಲನ್ನು ಅದರ ಹಿಂದಿನ ಚಕ್ರ ತಳ್ಳುತ್ತದೆ. ಮೋಟಾರು ಕಾರುಗಳಲ್ಲೂ ಹೀಗೆ ಎಳೆಯುವವು, ತಳ್ಳುವವು ಎಂಬ ಎರಡು ಪಂಗಡಗಳುಂಟು.

ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಯ ಹಿಂದಿನ ಸೀಟಿನಲ್ಲಿ ನಡುವೆ ಕುಳಿತವರಿಗೆ ಕಾಲಿಡುವ ಜಾಗದಲ್ಲಿದ್ದ ಉಬ್ಬು ನೆನಪಿರಬಹುದು. ಮುಂದಿನ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ದಂಡ ಹಾದುಹೋಗುತ್ತಿದ್ದುದು ಅದರ ಕೆಳಗೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಆ ದಂಡ ಇರಲಿಲ್ಲ. ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿತ್ತು. ಪುಟ್ಟ ಕಾರಿನಲ್ಲಿ ನಾಲ್ಕು ಜನ ಕೂರುವಷ್ಟು ಜಾಗ ಸಿಕ್ಕಿದ್ದರ ಒಂದು ಗುಟ್ಟು ಅದೇ.

ಅದೇ 1983ರಲ್ಲಿ ಜಪಾನಿನಲ್ಲೂ ಇಂಥದೇ ಬದಲಾವಣೆ ನಡೆಯಿತು. 1966ರಿಂದ ಹಿಂದಿನ ಚಕ್ರಗಳಿಂದಲೇ ಓಡುತ್ತಿದ್ದ ಟೊಯೊಟಾ ಕೊರೊಲಾ, ತನ್ನ ಐದನೆಯ ಪೀಳಿಗೆಯಲ್ಲಿ ಮುಂದಿನ ಚಕ್ರಗಳಿಗೆ ಬದಲಾಯಿತು. ಆದರೆ ಆ ಸಂಸಾರದ ಒಂದು ಕವಲು ಮಾತ್ರ ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಅದರ ಕಥೆ ಇಂದಿಗೂ ಮುಗಿದಿಲ್ಲ.

ಎಲ್ಲರೂ ಮುಂದಕ್ಕೆ ಬಂದದ್ದೇಕೆ?

ಬ್ರಿಟನ್ನಿನಲ್ಲಿ ಅಲೆಕ್ ಇಸಿಗೊನಿಸ್ ರೂಪಿಸಿದ 'ಮಿನಿ' ಕಾರು 1959ರಲ್ಲಿ ದಾರಿ ತೋರಿಸಿತ್ತು. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳಿಗೇ ಜೋಡಿಸಿದರೆ ಉದ್ದನೆಯ ದಂಡ ಬೇಡ, ಉಬ್ಬು ಬೇಡ. ತೂಕವೂ ಉಳಿಯುತ್ತದೆ, ಖರ್ಚೂ ಉಳಿಯುತ್ತದೆ. 1973ರ ಮತ್ತು 1979ರ ತೈಲ ಬಿಕ್ಕಟ್ಟುಗಳ ನಂತರ ಪ್ರತಿ ಲೀಟರ್ ಪೆಟ್ರೋಲಿಗೂ ಲೆಕ್ಕ ಕೇಳುವ ಕಾಲ ಬಂತು. ಸಣ್ಣ ಕಾರುಗಳ ತಯಾರಕರು ಒಬ್ಬೊಬ್ಬರಾಗಿ ಇದೇ ದಾರಿ ಹಿಡಿದರು.

ಟೊಯೊಟಾ ತನ್ನ ಎರಡು ಬಾಗಿಲಿನ ಕ್ರೀಡಾ ಮಾದರಿಯಲ್ಲಿ ಮಾತ್ರ ಹಿಂದಿನ ಪೀಳಿಗೆಯ ತಳಹದಿಯನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಸೆಡಾನಿಗಿಂತ ಗಿಡ್ಡನೆಯ ಮೈ, ಇಳಿಜಾರಾದ ಬೆನ್ನು ಇರುವ ಇಂಥ ಕಾರಿಗೆ 'ಕೂಪೆ' ಎಂದು ಹೆಸರು. ಇದು ಕೊರೊಲಾ ಲೆವಿನ್ ಮತ್ತು ಸ್ಪ್ರಿಂಟರ್ ಟ್ರುಯೆನೊ ಎಂಬ ಎರಡು ಹೆಸರಿನಲ್ಲಿ ಮಾರಾಟವಾಯಿತು. ಕಾರ್ಖಾನೆಯ ಸಂಕೇತ ಎಇ86. ಜಪಾನೀಯರು ಅದನ್ನು ಪ್ರೀತಿಯಿಂದ 'ಹಚಿ-ರೊಕು' ಎಂದರು. ಎಂಟು-ಆರು ಎಂದಷ್ಟೇ ಅದರ ಅರ್ಥ. ಒಳಗಿದ್ದುದು 1,587 ಸಿ.ಸಿ.ಯ, 16 ವಾಲ್ವುಗಳ ಎಂಜಿನ್. ಜಪಾನಿನಲ್ಲಿ ಮಾರಿದ ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ. 1987ರಲ್ಲಿ ಅದರ ತಯಾರಿಕೆ ನಿಂತಿತು. ಅದರ ಜಾಗಕ್ಕೆ ಬಂದ ಮಾದರಿಯೂ ಮುಂದಿನ ಚಕ್ರದ ಪಂಗಡ ಸೇರಿತು.

ಕೊಳ್ಳುವವನಿಗೆ ಸಿಗುವುದೇನು?

ಎಳೆಯುವ ಕಾರಿನಲ್ಲಿ ಮುಂದಿನ ಎರಡು ಟೈರುಗಳಿಗೆ ಇಮ್ಮಡಿ ದುಡಿಮೆ. ಕಾರನ್ನು ತಿರುಗಿಸಬೇಕಾದವೂ ಅವೇ, ಮುಂದಕ್ಕೆ ಒಯ್ಯಬೇಕಾದವೂ ಅವೇ. ಟೈರಿಗೆ ರಸ್ತೆಯ ಮೇಲಿರುವ ಹಿಡಿತಕ್ಕೆ ಒಂದು ಮಿತಿಯುಂಟು. ತಿರುವಿನಲ್ಲಿ ವೇಗ ಹೆಚ್ಚಿಸಿದರೆ ಹಿಡಿತ ಎರಡು ಕೆಲಸಕ್ಕೆ ಹಂಚಿಹೋಗಿ, ಕಾರು ತಿರುವಿನ ಹೊರಬದಿಗೆ ಸರಿಯುತ್ತದೆ. ತಳ್ಳುವ ಕಾರಿನಲ್ಲಿ ದುಡಿಮೆ ಪಾಲಾಗಿರುತ್ತದೆ: ಮುಂದಿನವು ತಿರುಗಿಸುತ್ತವೆ, ಹಿಂದಿನವು ತಳ್ಳುತ್ತವೆ. ವೇಗ ಹೆಚ್ಚಿಸಿದಾಗ ಕಾರಿನ ಭಾರವೂ ಹಿಂದಕ್ಕೆ ಸರಿಯುವುದರಿಂದ ತಳ್ಳುವ ಚಕ್ರಗಳಿಗೆ ಹಿಡಿತ ಹೆಚ್ಚು ಸಿಗುತ್ತದೆ.

ಇದರಿಂದ ಚಾಲಕನಿಗೆ ಎರಡು ಕಡಿವಾಣ ಸಿಕ್ಕಂತೆ. ಕೈಯಲ್ಲಿರುವ ಸ್ಟೀರಿಂಗಿನಿಂದ ಕಾರಿನ ಮೂತಿಯನ್ನು, ಕಾಲಡಿಯ ಆಕ್ಸಿಲರೇಟರಿನಿಂದ ಅದರ ಬೆನ್ನನ್ನು ಹತೋಟಿಯಲ್ಲಿಡಬಹುದು. ತೂಕ ಕಡಿಮೆಯಿದ್ದಷ್ಟೂ ಈ ಹತೋಟಿಗೆ ಕಾರು ಬೇಗ ಸ್ಪಂದಿಸುತ್ತದೆ. ಬೇಕೆಂದೇ ಹಿಂದಿನ ಚಕ್ರಗಳನ್ನು ಜಾರಿಸಿ, ಕಾರನ್ನು ಓರೆಯಾಗಿಯೇ ತಿರುವು ದಾಟಿಸುವ 'ಡ್ರಿಫ್ಟ್' ವಿದ್ಯೆ ಜಪಾನಿನ ಗುಡ್ಡಗಾಡಿನ ರಸ್ತೆಗಳಲ್ಲಿ ಬೆಳೆದದ್ದು ಈ ಗುಣದಿಂದ. 'ಡ್ರಿಫ್ಟ್ ದೊರೆ' ಎಂದು ಹೆಸರಾದ ಕೀಚಿ ತ್ಸುಚಿಯಾ ಅವರ ಮೆಚ್ಚಿನ ಕಾರು ಎಇ86.

ಕಾರು ನಿಂತುಹೋಗಿ ಎಂಟು ವರ್ಷಗಳ ಮೇಲೆ, 1995ರಲ್ಲಿ, ಶುಯಿಚಿ ಶಿಗೆನೊ ಅವರ 'ಇನಿಷಿಯಲ್ ಡಿ' ಚಿತ್ರಕಥಾ ಮಾಲೆ ಆರಂಭವಾಯಿತು. ಸೋಯಾ ಹಾಲಿನ ಪನೀರಿನಂಥ 'ತೋಫು'ವನ್ನು ನಸುಕಿನಲ್ಲಿ ಬೆಟ್ಟದ ದಾರಿಯಲ್ಲಿ ಸಾಗಿಸುವ ಹುಡುಗ ಅದರ ನಾಯಕ. ಲೋಟದ ನೀರು ತುಳುಕದಂತೆ ಕಾರು ಓಡಿಸಬೇಕೆಂಬುದು ಅಪ್ಪನ ಅಪ್ಪಣೆ. ಈ ಹಳೆಯ ಎಇ86 ಹೆಚ್ಚು ಶಕ್ತಿಯ ಹೊಸ ಕಾರುಗಳನ್ನು ಇಳಿಜಾರಿನಲ್ಲಿ ಸೋಲಿಸುತ್ತದೆ. ಹೀಗೆ ಅಂಗಡಿಯಲ್ಲಿ ಸಿಗದ ಕಾರಿಗೆ ಹೊಸ ಪೀಳಿಗೆಯ ಅಭಿಮಾನಿಗಳು ಹುಟ್ಟಿಕೊಂಡರು.

ಮರುಹುಟ್ಟು

ಅಷ್ಟರಲ್ಲಿ ಹಿಂದಿನ ಚಕ್ರದ ಚಾಲನೆ ಹೆಚ್ಚಾಗಿ ದುಬಾರಿ ಕಾರುಗಳ ಸೊತ್ತಾಗಿತ್ತು. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5ರಂಥ ಕೆಲವೇ ಅಗ್ಗದ ಕಾರುಗಳು ಅದನ್ನು ಉಳಿಸಿಕೊಂಡಿದ್ದವು. ಆದರೆ ಅದು ಎರಡೇ ಸೀಟಿನ ತೆರೆದ ಕಾರು. ಇತ್ತ 2005ರಲ್ಲಿ, ಸುಬಾರು ಕಾರುಗಳನ್ನು ತಯಾರಿಸುವ ಫ್ಯೂಜಿ ಹೆವಿ ಇಂಡಸ್ಟ್ರೀಸ್‌ನಲ್ಲಿ ಟೊಯೊಟಾ ಪಾಲು ಕೊಂಡಿತು. ಟೊಯೊಟಾದ ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ ಅವರ ಉಸ್ತುವಾರಿಯಲ್ಲಿ ಎರಡೂ ಕಂಪನಿಗಳು ಕೂಡಿ ಮಾಡಿದ ಕಾರು 2012ರಲ್ಲಿ ಬಂತು. ಟೊಯೊಟಾದ ಲಾಂಛನದಲ್ಲಿ ಅದರ ಹೆಸರು '86', ಸುಬಾರುವಿನಲ್ಲಿ ಬಿಆರ್‌ಝಡ್.

ಅದರ 2 ಲೀಟರ್ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ನೆಟ್ಟಗೆ ನಿಲ್ಲದೆ, ಎದುರುಬದುರಾಗಿ ಮಲಗಿದಂತಿವೆ. ಹಾಗಾಗಿ ಎಂಜಿನ್ ತಗ್ಗಿನಲ್ಲಿ ಕೂರುತ್ತದೆ. ಕಾರಿನ ಗುರುತ್ವ ಕೇಂದ್ರ ನೆಲದಿಂದ ಸುಮಾರು 460 ಮಿಲಿಮೀಟರ್ ಎತ್ತರದಲ್ಲಷ್ಟೇ ಇದೆ. ಶಕ್ತಿ 200 ಅಶ್ವಶಕ್ತಿ. ಟೈರುಗಳಂತೂ ಪೆಟ್ರೋಲ್ ಉಳಿತಾಯಕ್ಕೆ ಹೆಸರಾದ ಪ್ರಿಯಸ್ ಕಾರಿಗೂ ಹಾಕಿದಂಥವು. ಕ್ರೀಡಾ ಕಾರಿಗೆ ಇದು ವಿಚಿತ್ರವೆನಿಸಿದರೂ ಉದ್ದೇಶ ಸ್ಪಷ್ಟವಾಗಿತ್ತು. ಹಿಡಿತ ಮಿತವಾಗಿದ್ದರೆ ಕಾರಿನ ನಡೆನುಡಿ ಕಡಿಮೆ ವೇಗದಲ್ಲೇ ಚಾಲಕನಿಗೆ ತಿಳಿಯುತ್ತದೆ. ಅಮೆರಿಕದಲ್ಲಿ ಆಗ ಅದರ ಬೆಲೆ ಸುಮಾರು 25,000 ಡಾಲರ್. ಹೊಸದಾಗಿ ದುಡಿಮೆಗೆ ಸೇರಿದವರೂ ಆಸೆ ಪಡಬಹುದಾದ ಮೊತ್ತ.

ಕೊರತೆಗಳೂ ಇಲ್ಲದಿಲ್ಲ. ಹಿಂದಿನ ಸೀಟು ಮಕ್ಕಳಿಗಷ್ಟೇ ಸರಿ. ಆ ಸೀಟನ್ನು ಮಡಿಸಿದರೆ ಪಂದ್ಯದ ಮೈದಾನಕ್ಕೆ ಒಯ್ಯುವ ನಾಲ್ಕು ಟೈರು ಹಿಡಿಸುತ್ತವೆ; ಮದುವೆಗೆ ಹೊರಟ ಸಂಸಾರ ಹಿಡಿಸುವುದಿಲ್ಲ. ಮಳೆಯಲ್ಲಿ ಆಕ್ಸಿಲರೇಟರನ್ನು ಒರಟಾಗಿ ತುಳಿದರೆ ಬೆನ್ನು ಜಾರುವ ಅಪಾಯವುಂಟು. ಅದನ್ನು ತಡೆಯಲು ವಿದ್ಯುನ್ಮಾನ ಕಾವಲು ಕೊಟ್ಟಿದ್ದಾರೆ. ಎಂಜಿನ್ನಿನ ಎಳೆತ ನಡುವೇಗದಲ್ಲಿ ಸೊರಗುತ್ತದೆಂಬ ದೂರು ಮೊದಲಿನಿಂದಲೂ ಇತ್ತು. 2021ರಲ್ಲಿ ಬಂದ ಜಿಆರ್86ಕ್ಕೆ 2.4 ಲೀಟರ್ ಎಂಜಿನ್ ಕೊಟ್ಟಾಗ ಅದೂ ನೀಗಿತು.

ಟೊಯೊಟಾ ಹಿಂದಿನ ಚಕ್ರವನ್ನು ಆಟಕ್ಕಷ್ಟೇ ಅಲ್ಲ, ಭಾರಕ್ಕೂ ನಂಬಿತ್ತು. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ತಯಾರಾದ ಕ್ವಾಲಿಸ್ ಮತ್ತು ಮೊದಲ ಇನ್ನೋವಾಗಳು ತಳ್ಳುವ ಪಂಗಡದವೇ. 2022ರಲ್ಲಿ ಪರಿಚಯವಾದ ಇನ್ನೋವಾ ಹೈಕ್ರಾಸ್ ಮಾತ್ರ ಮುಂದಿನ ಚಕ್ರಕ್ಕೆ ಬದಲಾಯಿತು. ಜಾಗ ಮತ್ತು ಇಂಧನದ ಲೆಕ್ಕವೇ ಮುಖ್ಯವಾದಲ್ಲಿ ಎಳೆಯುವ ಕಾರು ಗೆಲ್ಲುವುದು ಸಹಜ.

ಜಿಆರ್86 ಯುರೋಪಿನಲ್ಲಿ 2022ರಿಂದ ಎರಡು ವರ್ಷ ಮಾತ್ರ ಮಾರಾಟವಾಯಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಐರೋಪ್ಯ ಸುರಕ್ಷತಾ ನಿಯಮಗಳಿಗೆ ಅದನ್ನು ಹೊಂದಿಸಲು ಹೊಸ ಉಪಕರಣಗಳು ಬೇಕಿದ್ದವು. ಕಡಿಮೆ ಸಂಖ್ಯೆಯಲ್ಲಿ ಮಾರುವ ಕಾರಿಗೆ ಆ ಖರ್ಚು ಗಿಟ್ಟುವುದಿಲ್ಲ. ಇಂಥ ಕಾರಿನ ಮುಂದಿರುವ ನಿಜವಾದ ಪ್ರಶ್ನೆ ಇದೇ: ಕೊಳ್ಳಲು ಆಸೆಯಿದ್ದವರು ಇದ್ದರೂ, ಅಗ್ಗವಾಗಿ ಮಾಡಿಕೊಡುವುದು ಎಷ್ಟು ಕಾಲ ಸಾಧ್ಯ?

ಸದ್ಯಕ್ಕೆ ಕಾರು ತಯಾರಾಗುತ್ತಿರುವುದು ಜಪಾನಿನ ಗುನ್ಮಾ ಪ್ರಾಂತದ ಸುಬಾರು ಕಾರ್ಖಾನೆಯಲ್ಲಿ. ತೋಫು ಸಾಗಿಸುವ ಹುಡುಗನ ಕಥೆಗೆ ಮಾದರಿಯಾದ ಹರುನಾ ಬೆಟ್ಟ ಇರುವುದೂ ಅದೇ ಗುನ್ಮಾದಲ್ಲಿ.